ಗಂಡಿನ ಮನೆಯ ಕೋಳಿಗಳು

ತನಗೆ ಬೆವರು ಜಾಸ್ತಿ, ಹೊಸಬರೆದುರು ಮಾನ ಹೋಗುತ್ತದೆ ಎಂಬ ಅಳುಕನ್ನು ಡೈರಿಯಲ್ಲಿ ಬರೆದಿಟ್ಟೇ ಅವಳು ಅಪ್ಪನ ಜೊತೆ ಗಂಡಿನ ಮನೆ ನೋಡಲು ಹೊರಟಿದ್ದಳು.

ಗಂಡಿನ ತಂದೆ ಮೊದಲು ತೋರಿಸಿದ್ದು ಕೋಳಿ ಶೆಡ್ಡನ್ನು. ಸೂರಿನ ಮೇಲೆ ಒದ್ದೆ ಗೋಣಿತಾಟು, ಒಳಗೆ ಸಾಲು ಸಾಲು ಫ್ಯಾನು, ಕುಡಿಯಲು ಬೆಲ್ಲದ ನೀರು.

"ಬಿಸಿಲಿಗೆ ಒಂದು ಕೋಳೀನೂ ಸಾಯೋಕೆ ಬಿಟ್ಟಿಲ್ಲ ನೋಡಿ!"

ಊಟಕ್ಕೆ ಕೂತಾಗ, ತಗಡಿನ ಅಡುಗೆಮನೆಯಲ್ಲಿ ಸೌದೆ ಒಲೆಯ ಮುಂದಿದ್ದ ಆ ಮನೆಯ ಹಿರಿಸೊಸೆ ತಲೆ ಸುತ್ತಿ ಕುಸಿದಳು.

"ಬೇಸಿಗೇಲಿ ಅವಳದ್ದು ದಿನಾ ಇದ್ದದ್ದೇ. ನೀವು ಊಟ ಮಾಡಿ, ಬೀಗರೇ," ಎಂದರು ಗಂಡಿನ ತಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಹಿಗ್ಗಿದ್ದರು. "ಕೋಳೀನೇ ಅಷ್ಟು ಚೆನ್ನಾಗಿ ನೋಡ್ಕೊಳ್ಳೋರು ನಿನ್ನ ನೋಡ್ಕೊಳ್ಳಲ್ವೇನೇ?"

"ಕೋಳಿ ಸತ್ರೆ ಅವರಿಗೆ ನಷ್ಟ ಆಗುತ್ತಪ್ಪಾ," ಎಂದಳು ಅವಳು.