ಬೀರುವಿನೊಳಗಿನ ಆಫೀಸು

“ನಮ್ಮಮ್ಮ ಪಕ್ಕದ ರೂಮಲ್ಲೇ ಇದ್ದಾರೆ ಸರ್. ಬೇಕಾದ್ರೆ ಮೂರು ಗಂಟೆಗೆ ನೀವೇ ಮಾತಾಡಿ.”

ಬಾಗಿಲಿಗೆ ಕಿವಿಯಿಟ್ಟು ನಿಂತಿದ್ದ ಬೀಗದಕ್ಕ ಕಿವಿಯನ್ನು ಇನ್ನಷ್ಟು ಒತ್ತಿದಳು. ಪಕ್ಕದ ರೂಮಿನಲ್ಲಿ ಇರುವುದು ತಾನೊಬ್ಬಳೇ. ತನ್ನ ಹೊಟ್ಟೆಯಲ್ಲಿ ಹುಟ್ಟಿದ್ದು ಇಬ್ಬರು ಗಂಡುಮಕ್ಕಳು. ಹನ್ನೊಂದು ದಿನದ ಹಿಂದೆ ಬೆನ್ನ ಮೇಲೊಂದು ಚೀಲ ಹೊತ್ತು, ಊರು ನೋಡೋಕೆ ಬಂದೆ, ತಿಂಗಳ ಕೊನೆವರೆಗೆ ರೂಮು ಬೇಕು ಎಂದು ನಿಂತ ಈ ಹುಡುಗಿಗೆ ತಾನು ತಾಯಿಯಾದದ್ದು ಯಾವಾಗ?

ಬೀದಿಯವರು ಅವಳನ್ನು ಬೀಗದಕ್ಕ ಎನ್ನುತ್ತಿದ್ದುದು ಸುಮ್ಮನಲ್ಲ. ಬಾಡಿಗೆಗೆ ಕೊಡುವ ಮೂರು ರೂಮುಗಳ ಕೀಲಿ ಸೊಂಟದಲ್ಲಿ, ಅನುಮಾನ ನಾಲಗೆಯ ತುದಿಯಲ್ಲಿ. ಊರು ನೋಡಲು ಬಂದವಳು ಕಿಟಕಿಯ ಪರದೆಯನ್ನೂ ಸರಿಸಿರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಒಳಗಿನಿಂದ ಬೆಲ್ಲ ಸವರಿದ ದನಿ, ಜಪದ ಹಾಗೆ ಒಂದೇ ಮಾತು: “ನಿಮ್ಮ ಬೇಸರ ನಂಗೆ ಅರ್ಥವಾಗುತ್ತೆ ಸರ್. ಎರಡೇ ನಿಮಿಷ ಸರ್.” ದಿನಕ್ಕೆ ಐವತ್ತು ಸರ್‌ಗಳು. ಯಾವ ಮನೆತನದ ಹುಡುಗಿಗೆ ಐವತ್ತು ಜನ ಗಂಡಸರ ಬೇಸರ ಅರ್ಥವಾಗಬೇಕು?

ಮಾತು ನಿಂತದ್ದೇ ತಡ, ಅವಳು ಬಾಗಿಲು ತಳ್ಳಿದಳು. ಒಳಗೆ ಯಾರೂ ಇಲ್ಲ. ಮಂಚ ಖಾಲಿ, ಕುರ್ಚಿ ಖಾಲಿ. ಗೋಡೆಯ ಬೀರು ಕಿರ್ರೆಂದು ತೆರೆದು, ತೂಗುಹಾಕಿದ ಅಂಗಿಗಳ ನಡುವಿನಿಂದ ಹುಡುಗಿ ತಲೆ ಹೊರಹಾಕಿದಳು. ಕಿವಿಗೆ ಹೆಡ್‌ಫೋನು, ತೊಡೆಯ ಮೇಲೆ ಲ್ಯಾಪ್‌ಟಾಪು, ಹಣೆಯ ತುಂಬ ಬೆವರು.

“ನನ್ನ ಬೀರುವಿನಲ್ಲಿ ಏನಮ್ಮಾ ನಿನ್ನ ಸಂಸಾರ?”

“ಆಫೀಸು ಅಕ್ಕಾ. ಇಲ್ಲಿ ಕೂತ್ರೆ ಬೀದಿ ಸದ್ದು ಕೇಳ್ಸಲ್ಲ.”

ಹುಡುಗಿ ಎಲ್ಲವನ್ನೂ ಹೇಳಿದಳು. ಕೊಂಡ ಫ್ಯಾನು, ಇಸ್ತ್ರಿಪೆಟ್ಟಿಗೆ ಕೆಟ್ಟರೆ ಜನ ಫೋನು ಮಾಡಿ ಬಯ್ಯುತ್ತಾರೆ. ಬೈಸಿಕೊಂಡು ಸಮಾಧಾನ ಮಾಡುವುದು ಇವಳ ಕೆಲಸ. ಅನುಭವ ಬೇಡ, ಎಲ್ಲಿ ಬೇಕಾದರೂ ಕೂತು ಮಾಡಿ, ಊರೂರು ತಿರುಗುವ ಆಸೆಯಿದ್ದವರಿಗೆ ಹೇಳಿ ಮಾಡಿಸಿದ್ದು ಎಂದು ಜಾಹೀರಾತಿನಲ್ಲಿತ್ತು. ಸೇರಿದ ಮೇಲೆ, ಮೊದಲ ಮೂರು ತಿಂಗಳು ಮನೆ ಬಿಟ್ಟು ಕದಲಬಾರದು, ಕದಲಿದರೆ ಕೆಲಸವಿಲ್ಲ ಎಂದರು. ಇವಳಿಗೆ ತಡೆಯಲಾಗಲಿಲ್ಲ, ಚೀಲ ಹೊತ್ತು ಹೊರಟುಬಿಟ್ಟಳು. ಆ ಮೂರು ತಿಂಗಳಿಗೆ ಇನ್ನು ಐದೇ ದಿನ ಬಾಕಿ ಎನ್ನುವಾಗ, ಬೆಳಗ್ಗೆ ಬೀದಿಯಲ್ಲಿ ಹೋದ ಟೂರಿಸ್ಟ್ ಬಸ್ಸಿನ ಮೈಕು ‘ಕೋಟೆ ನೋಡುವವರು ಇಲ್ಲೇ ಇಳಿಯಿರಿ’ ಎಂದು ಕೂಗಿದ್ದು ಫೋನಿನಲ್ಲಿ ಟೀಮ್ ಲೀಡರ್ ಕಿವಿಗೆ ಬಿದ್ದು, ಅವರಿಗೆ ಅನುಮಾನ ಬಂದಿತ್ತು.

“ಆ ಕೋಟೆನಾದ್ರೂ ನೋಡಿದ್ಯಾ?”

“ನಂಗೆ ರಜೆ ಇರೋ ದಿನ ಅದು ಮುಚ್ಚಿರುತ್ತಂತೆ.”

“ಆ ನಿನ್ನ ಆಫೀಸನ್ನ ಯಾರಾದ್ರೂ ಕಣ್ಣಲ್ಲಿ ಕಂಡಿದ್ದಾರಾ?”

“ನಾನಂತೂ ಕಂಡಿಲ್ಲ. ಮೂರು ಗಂಟೆಗೆ ಟೀಮ್ ಲೀಡರ್ ಫೋನ್ ಮಾಡ್ತಾರೆ. ಐದೇ ನಿಮಿಷ ನಮ್ಮಮ್ಮ ಆಗ್ಬಿಡಿ ಅಕ್ಕಾ.”

“ನಿಮ್ಮಮ್ಮ ಇಲ್ವಾ? ಅವರನ್ನೇ ಮಾತಾಡ್ಸು.”

“ಅಮ್ಮ ನಾನು ಆಫೀಸಿನ ಹಾಸ್ಟೆಲಲ್ಲಿದ್ದೀನಿ ಅಂದ್ಕೊಂಡಿದ್ದಾರೆ.”

“ಮನೆಯವರಿಗೆ ಆಫೀಸು, ಆಫೀಸಿನವರಿಗೆ ಮನೆ. ನಂಗೇನು ಕಥೆ?”

“ನಿಮಗೊಬ್ಬರಿಗೇ ನಿಜ ಹೇಳಿರೋದು.”

“ಹೀಗಂತ ಇನ್ನೆಷ್ಟು ಜನಕ್ಕೆ ಹೇಳಿದ್ದೀಯೋ!”

ಹುಡುಗಿಯ ಕಣ್ಣು ತುಂಬಿತು. “ಈ ಕೆಲಸ ಹೋದ್ರೆ ಮತ್ತೆ ಅಣ್ಣನ ಪೈಪಿನ ಅಂಗಡೀಲಿ ಕೂರ್ಬೇಕು ಅಕ್ಕಾ. ಆರು ವರ್ಷ ಕೂತಿದ್ದೀನಿ. ಎದುರುಗಡೆ ಗೋಡೆ ತುಂಬ ಹೊಳೆಯೋ ನಲ್ಲಿಗಳು. ಒಂದರಲ್ಲೂ ನೀರು ಬರಲ್ಲ.”

ಬೀಗದಕ್ಕ ಕಣ್ಣೀರನ್ನು ನಂಬುವವಳಲ್ಲ. ರೂಮು ಬಾಡಿಗೆಗೆ ಕೊಡುವವರು ಬೇಕಾದಷ್ಟು ಕಣ್ಣೀರು ನೋಡಿರುತ್ತಾರೆ. ಆದರೆ ನೀರು ಬಾರದ ಆ ನಲ್ಲಿಗಳನ್ನು ಯಾರೂ ಕಟ್ಟಿ ಹೇಳಲಾರರು ಎನಿಸಿತು. “ದೇವರ ಹೆಸರು ಹೇಳೋ ಬಾಯಿ ಇದು, ಸುಳ್ಳಾಡಲ್ಲ. ಕೇಳಿದ್ದಕ್ಕೆ ಇದ್ದದ್ದು ಹೇಳ್ತೀನಿ, ಅಷ್ಟೇ,” ಎಂದು ಮಂಚದ ಅಂಚಿಗೆ ಕುಳಿತಳು.

ಮೂರಕ್ಕೆ ಸರಿಯಾಗಿ ಲ್ಯಾಪ್‌ಟಾಪು ಗುಣುಗುಟ್ಟಿತು. ತೆರೆಯ ಒಂದು ಕಡೆ ಬೀಗದಕ್ಕನ ಮುಖ, ಇನ್ನೊಂದು ಕಡೆ ಬರೀ ಕಪ್ಪು ಚೌಕ. ಚೌಕದೊಳಗಿನಿಂದ ವಿನಯದ ದನಿಯೊಂದು ಬಂತು.

“ನಮಸ್ಕಾರ ಅಮ್ಮಾ. ನಾನು ಟೀಮ್ ಲೀಡರ್. ಇವರು ಮನೇಲೇ ಇರ್ತಾರಾ?”

“ಇರ್ತಾಳೆ. ಹನ್ನೊಂದು ದಿನದಿಂದ ಹೊಸಿಲು ದಾಟಿಲ್ಲ.”

“ಒಳ್ಳೇದು. ಇನ್ನು ಮುಂದೂ ಹೀಗೇ ಇರ್ತಾರಲ್ವಾ?”

“ಮೂವತ್ತನೇ ತಾರೀಕಿನವರೆಗೂ ಇರ್ತಾಳೆ. ಆಮೇಲೆ ಖಾಲಿ ಮಾಡ್ಬೇಕು. ಆ ರೂಮು ಬೇರೆಯವರಿಗೆ ಹೇಳಿಯಾಗಿದೆ.”

ಹುಡುಗಿ ತಲೆಯ ಮೇಲೆ ಕೈಹೊತ್ತು ಬೀರುವಿಗೆ ಒರಗಿದಳು.

“ಅಮ್ಮಾ,” ವಿನಯ ಈಗ ತೆಳ್ಳಗಾಗಿತ್ತು, “ನೀವು ಇವರಿಗೆ ಏನಾಗ್ಬೇಕು?”

ಸುಳ್ಳು ಹೇಳಲಾರಳು, ನಿಜ ಹೇಳಿದರೆ ಹುಡುಗಿ ಹೋಗಿ ನಲ್ಲಿಗಳ ಮುಂದೆ ಕೂರುತ್ತಾಳೆ. ದಿಕ್ಕು ತೋಚದಾಗ ಬೀಗದಕ್ಕ ಮಾಡುತ್ತಿದ್ದುದು ಒಂದೇ ಕೆಲಸ, ಎದುರಿನವರ ಮೇಲೆ ಅನುಮಾನ ಪಡುವುದು.

“ಅದಿರಲಿ ಸ್ವಾಮಿ, ನೀವ್ಯಾರು? ಮುಖ ಮುಚ್ಕೊಂಡು ಬಂದು ಕಂಡೋರ ಮನೆ ಹೆಣ್ಮಕ್ಕಳನ್ನ ವಿಚಾರಿಸ್ತೀರಲ್ಲ. ಎಲ್ಲಿಂದ ಮಾತಾಡ್ತಿದ್ದೀರಿ?”

“ಕ್ಯಾಮೆರಾ ಕೆಟ್ಟಿದೆ ಅಮ್ಮಾ. ನಾನು ಆಫೀಸಲ್ಲೇ ಇದ್ದೀನಿ, ನನ್ನ ಟೇಬಲ್ ಮುಂದೇನೇ...”

ಚೌಕದೊಳಗೆ ಏನೋ ಗಡಗಡ ಅಲುಗಿತು. ಅದರ ಹಿಂದೆಯೇ ಇನ್ನೊಂದು ದನಿ, ವಿನಯದ ಸೋಂಕೂ ಇಲ್ಲದ ಒರಟು ದನಿ, ರೂಮಿನ ತುಂಬ ಕೇಳಿಸಿತು:

“ಮೇಲಿನ ಬರ್ತ್‌ನವರು, ಟಿಕೆಟ್ ತೋರಿಸಿ.”