ಕತ್ತಲಕೋಣೆಯ ಭಾಗಾಕಾರ

ಲೈನ್‌ಮನ್ ಕಲ್ಮೇಶ ಐದನೆಯ ತರಗತಿಯ ಬಾಗಿಲು ದಬ್ಬಿದ ಕೂಡಲೇ, ಗೋಡೆಯ ಮೇಲೆ ಗಾಳಿಯಲ್ಲಿ ಕಾಲೆತ್ತಿ ನಿಂತಿದ್ದ ಸಿನಿಮಾ ಹೀರೋ ಬಿಸಿಲು ಬಿದ್ದು ಮಸುಕಾಗಿ ಹೋದ. "ಏ, ಯಾಂವಲೇ ಅಂವಾ! ಬಾಗಿಲಾ ಹಾಕಲೇ!" ಎಂದು ಕತ್ತಲೆಯೊಳಗಿಂದ ಯಾರೋ ಒದರಿದರು. ಹುಡುಗರಲ್ಲ. ಹಿಂದಿನ ಬೆಂಚಿನ ಮೇಲೆ ಚುರುಮುರಿ ತಿನ್ನುತ್ತಾ ಕೂತಿದ್ದ ಶ್ರೀವಲ್ಲಭ ಮಾಸ್ತರು.

"ನಾನ್ರಿ ಸರ್, ಶೈಲಶ್ರೀ ಅಪ್ಪ. ಬರೂ ಐತವಾರ ಸಿಂದಗ್ಯಾಗ ವಸತಿ ಸಾಲಿ ಪರೀಕ್ಷಾ ಐತಿ. ನನ್ನ ಮಗಳಿಗೆ ಇನ್ನಾ ಭಾಗಾಕಾರ ಬರಂಗಿಲ್ಲ. ಡೈಲಾಗ್ ಕೇಳ್ರಿ ಬೇಕಾದ್ರ, ವಿಲನ್ ಕೆಮ್ಮಿದ್ದೂ ಬಿಡದ ಒಪ್ಪಸ್ತಾಳ."

ಮಾಸ್ತರು ಚುರುಮುರಿಯ ಪೊಟ್ಟಣ ಮಡಚಿ ಬಾಗಿಲಿಗೆ ಬಂದರು. "ಇದೂ ಪಾಠನ ಅದ ಕಲ್ಮೇಶಪ್ಪ. ನೋಡಿ ಕಲಿಯೂದು ಅಂತಾರ ಇದಕ್ಕ. ಪ್ರೊಜೆಕ್ಟರ್ ಕೊಟ್ಟಾರ. ಯಾಕ ಹಚ್ಚಿಲ್ಲ ಅಂತ ಮ್ಯಾಗಿನವ್ರು ಕೇಳ್ತಾರ."

"ಭಾಗಾಕಾರ ಯಾಕ ಕಲಿಸಿಲ್ಲ ಅಂತ ಕೇಳಂಗಿಲ್ಲೇನ್ರಿ?"

"ಅದನ್ನ ಇಲ್ಲೀತನಕ ಯಾರೂ ಕೇಳಿಲ್ಲ ನೋಡು," ಎಂದರು ಮಾಸ್ತರು. ಸುಳ್ಳು ಹೇಳುವ ಮನುಷ್ಯನಲ್ಲ ಅವರು. "ಅಷ್ಟು ಅರ್ಜೆಂಟ್ ಇದ್ರ ಮನ್ಯಾಗ ನೀನ ಹೇಳಿಕೊಡು."

"ಆತು ತಗೋರಿ. ನಾ ಭಾಗಾಕಾರ ಹೇಳಿಕೊಡ್ತೇನಿ, ನೀವು ಕಂಬಾ ಏರ್ರಿ."

ಹುಡುಗರು ಹೋ ಎಂದು ನಕ್ಕರು. ಮುಂದಿನ ಸಾಲಿನಲ್ಲಿದ್ದ ಶೈಲಶ್ರೀ ಮಾತ್ರ ತಲೆ ಬಗ್ಗಿಸಿದಳು. "ಫೈಟಿಂಗ್ ಮುಗೀಲಿ, ಆಮ್ಯಾಲೆ ಮಾತಾಡೂಣು," ಎಂದು ಮಾಸ್ತರು ಅವನ ಮೂಗಿಗೆ ತಾಗುವಂತೆ ಬಾಗಿಲು ಹಾಕಿಕೊಂಡರು.

ಪಡಸಾಲೆಯಲ್ಲಿ ಕಲ್ಮೇಶ ಹಲ್ಲು ಕಡಿಯುತ್ತಾ ನಿಂತ. ಅವನ ಕಣ್ಣೆದುರಿಗೇ ಮೀಟರ್ ಬೋರ್ಡು. ಫ್ಯೂಸು ಕಿತ್ತು ಕಿಸೆಗೆ ಹಾಕಿಕೊಂಡ. ಒಳಗೆ ಹೀರೋ ಸತ್ತ. ಟಾಕೀಸಿನಲ್ಲಿ ಸಿನಿಮಾ ನಿಂತಾಗ ಬೀಳುವಂಥ ಸಿಳ್ಳೆಗಳು ಬಿದ್ದವು. ಅದರಲ್ಲಿ ಒಂದು ದೊಡ್ಡವರ ಸಿಳ್ಳೆ.

"ಕಲ್ಮೇಶಪ್ಪಾ! ಕರೆಂಟ್ ಹೋತಲ್ಲೋ!"

"ಲೈನ್ ಕೆಟ್ಟೈತ್ರಿ ಸರ್! ಸಾಲಿ ಬಿಡೂತನಕ ಬರಂಗಿಲ್ಲ!"

ಕಿಟಕಿಗೆ ಹಾಕಿದ್ದ ಗೋಣಿತಾಟು ಸರಿಯಿತು. ಆಮೇಲೆ ಕರಿಹಲಗೆಯ ಮೇಲೆ ಸೀಮೆಸುಣ್ಣ ಕಿರಗುಟ್ಟಿತು. ಕಲ್ಮೇಶನ ಎದೆ ಉಬ್ಬಿತು. ಶಿಕ್ಷಣ ಇಲಾಖೆಯ ಸಾಹೇಬರು ಬಂದು ಬೈದರೂ ಆಗದ ಕೆಲಸ ಒಂದು ಫ್ಯೂಸಿನಿಂದ ಆಯಿತಲ್ಲ ಎಂದುಕೊಂಡು ಕಿಟಕಿಯಲ್ಲಿ ಹಣಿಕಿದ.

ಹಲಗೆಯ ನಡುವೆ ಒಂದು ದೊಡ್ಡ ಸೊನ್ನೆ, ಅದರ ಸುತ್ತ ಸಣ್ಣ ಸಣ್ಣ ಗೀಟು. "ಇಲ್ಲಿ ನೋಡ್ರಿ," ಎನ್ನುತ್ತಿದ್ದರು ಮಾಸ್ತರು. "ನಡುವ ನಿಂತಾಂವ ಹೀರೋ. ಸುತ್ತೂಕಡೆ ವಿಲನ್ ಕಡಿಯವ್ರು, ಹನ್ನೆರಡು ಮಂದಿ. ಕರೆಂಟ್ ಇದ್ದಿದ್ರ ಈಗ ಏನಾಗ್ತಿತ್ತು? ಢಿಶುಂ!" ಅವರು ಪ್ಯಾಂಟು ಮೇಲೆಳೆದುಕೊಂಡು ಗಾಳಿಗೆ ಒದ್ದರು. "ಢಿಶುಂ! ಢಿಶುಂ! ಮೂರ ಹೊಡತಕ್ಕ ಹನ್ನೆರಡೂ ಮಂದಿ ನೆಲಕ್ಕ!"

ಶೈಲಶ್ರೀ ಕೈ ಎತ್ತಿದಳು. "ಸರ್, ಹಂಗಾದ್ರ ಒಂದೊಂದ್ ಹೊಡತಕ್ಕ ಎಷ್ಟೆಷ್ಟ್ ಮಂದಿ ಬಿದ್ರು ರೀ?"

ಮಾಸ್ತರ ಕಾಲು ಗಾಳಿಯಲ್ಲೇ ನಿಂತಿತು.

"ಏ ಹುಡುಗಿ, ಸುಮ್ನ ಕೂಡು. ಲೆಕ್ಕಾ ಹಾಕ್ಕೋತ ಕೂತ್ರ ಹೀರೋ ಸೋಲ್ತಾನ."

ತರಗತಿಯೆಲ್ಲ ಸಿಳ್ಳೆ ಹೊಡೆಯಿತು. ಶೈಲಶ್ರೀ ಎತ್ತಿದ ಕೈ ಇಳಿಸಲಿಲ್ಲ. ಹೊರಗೆ ಕಿಟಕಿಯ ಸರಳು ಹಿಡಿದು ನಿಂತ ಕಲ್ಮೇಶ ಕಿಸೆಯಲ್ಲಿದ್ದ ಫ್ಯೂಸನ್ನು ಮುಟ್ಟಿ ನೋಡಿಕೊಂಡ. ಇನ್ನು ಯಾವುದನ್ನು ಕೀಳಬೇಕೋ ಅವನಿಗೆ ತಿಳಿಯಲಿಲ್ಲ.