ಹತ್ತಕ್ಕೊಂದು ಪುಕ್ಕಟೆ

“ಮೂರು ಜನ ಅಂತಿದೆಯಲ್ಲ ಸರ್, ಪಾಪು ಎಲ್ಲಿ?” ಎಂದು ಹೋಟೆಲಿನ ಕೌಂಟರ್ ಹುಡುಗಿ ಬಗ್ಗಿ ಅವನ ಕಾಲ ಹಿಂದೆ ಇಣುಕಿದಳು, ಮಗು ಅಲ್ಲೆಲ್ಲೋ ಅಡಗಿ ನಿಂತಿರಬೇಕು ಎಂಬಂತೆ.

“ಬರ್ಲಿಲ್ಲ” ಎಂದ ಅವನು. ಹೆಂಡತಿ ಗೋಡೆಯ ಮೇಲಿನ ಸಮುದ್ರದ ಚಿತ್ರ ನೋಡುತ್ತ ನಿಂತಿದ್ದಳು. ಕಿಟಕಿಯಾಚೆ ನಿಜವಾದ ಸಮುದ್ರವೇ ಬಿದ್ದುಕೊಂಡಿತ್ತು, ಅದರ ಕಡೆ ಅವಳ ಗಮನವೇ ಇರಲಿಲ್ಲ.

ಅವನು ಹೊಲಿಗೆ ಯಂತ್ರದ ಬಿಡಿಭಾಗ ಮಾರುತ್ತ ಊರೂರು ಅಲೆಯುವವನು. ಎಲ್ಲಿ ಹೋದರೂ ಈ ಒಂದೇ ಕಂಪನಿಯ ಹೋಟೆಲು ಹುಡುಕಿ ತಂಗುತ್ತಿದ್ದ. ಅವರ ಯಾವ ಹೋಟೆಲಿನಲ್ಲಾದರೂ ಸರಿ, ಹತ್ತು ರಾತ್ರಿ ಮಲಗಿದರೆ ಮುಂದಿನದೊಂದು ಪುಕ್ಕಟೆ, ಅದೂ ನಾವು ಕೇಳಿದ ಕಡೆ. ಬಸ್ ಸ್ಟ್ಯಾಂಡಿನ ಸೊಳ್ಳೆ ಕೋಣೆಯಲ್ಲಿ ಹತ್ತು ರಾತ್ರಿ ಮೈ ಕೆರೆದುಕೊಂಡು, ಪುಕ್ಕಟೆಯದನ್ನು ಕಡಲ ಮುಂದೆ ಕಳೆಯುವುದೇ ಜಾಣತನ ಎನ್ನುತ್ತಿದ್ದ. ಆಫೀಸಿನಲ್ಲಿ ಅವನಿಗೆ ಪುಕ್ಕಟೆರಾಯ ಎಂದೇ ಹೆಸರು. ಅಂದುಕೊಳ್ಳಲಿ ಬಿಡಿ, ಅವನಿಗೇನೂ ನಾಚಿಕೆ ಇರಲಿಲ್ಲ. ಕೋಣೆಯ ಪುಟ್ಟ ಸೋಪುಗಳನ್ನು ಜೇಬಿಗಿಳಿಸಿ ಮನೆಗೆ ತಂದರೆ ಮಗಳು ಬಾಗಿಲಲ್ಲೇ ಕಸಿದುಕೊಳ್ಳುತ್ತಿದ್ದಳು. ಮಂಚದ ಕೆಳಗೆ ಅವಳದೊಂದು ಸೋಪಿನಂಗಡಿ. ಅಮ್ಮ ಕೇಳಿದರೂ ಸುಮ್ಮನೆ ಕೊಡುತ್ತಿರಲಿಲ್ಲ, ಗಟ್ಟಿಗಿತ್ತಿ.

ಆ ಮಗಳು ಹೋಗಿ ಎರಡು ತಿಂಗಳಾಗಿತ್ತು. ಅವತ್ತು ಸಂಜೆ ಹೆಂಡತಿ ಫೋನು ಮಾಡಿ “ಮೈ ಕೆಂಡದ ಹಾಗೆ ಸುಡ್ತಿದೆ, ಬಂದ್ಬಿಡಿ” ಎಂದಿದ್ದಳು. “ಕೊನೇ ಬಸ್ಸು ತಪ್ಪಿಹೋಯ್ತು ಕಣೇ, ಬೆಳಗ್ಗೆ ಮೊದಲ ಬಸ್ಸಿಗೇ ಬರ್ತೀನಿ” ಎಂದು ಸ್ವಲ್ಪ ಹೊತ್ತಿನ ಮೇಲೆ ಇವನು ತಿರುಗಿ ಫೋನು ಮಾಡಿದ್ದ. ಬಂದಾಗ ಮನೆಯ ಮುಂದೆ ಜನ ಸೇರಿದ್ದರು. ಅವಳು ಅವನನ್ನು ಒಂದು ದಿನವೂ ದೂರಲಿಲ್ಲ. “ಬಸ್ಸು ತಪ್ಪಿದ್ರೆ ಅವರಾದ್ರೂ ಏನು ಮಾಡ್ತಾರೆ” ಎಂದು ತನ್ನ ಅಣ್ಣನೆದುರು ಅವಳೇ ಅವನ ಪರ ನಿಂತಿದ್ದಳು. ಆ ಒಂದು ಮಾತಿನ ಮೇಲೆಯೇ ಅವರ ಸಂಸಾರ ಇನ್ನೂ ನಿಂತಿತ್ತು. ಬಸ್ಸು ತಪ್ಪಿರಲಿಲ್ಲ ಎಂಬುದು ಗೊತ್ತಿದ್ದದ್ದು ಅವನೊಬ್ಬನಿಗೇ. “ಭಾವ, ಅವಳನ್ನ ಒಂದಿನ ಎಲ್ಲಾದ್ರೂ ಕರ್ಕೊಂಡು ಹೋಗಿ” ಎಂದು ಆ ಅಣ್ಣ ಹೇಳಿದ. ಪುಕ್ಕಟೆ ರಾತ್ರಿಯ ವಾಯಿದೆಯೂ ಈ ತಿಂಗಳಿಗೇ ಮುಗಿಯುವುದಿತ್ತು. ಹೊರಟದ್ದು ಯಾವುದಕ್ಕಾಗಿ ಎಂದು ಅವನನ್ನೇ ಕೇಳಿದರೂ ಹೇಳಲಾರ.

“ಸರ್, ನನ್ನ ಗುರುತು ಸಿಗ್ಲಿಲ್ವಾ?” ಎಂದಳು ಹುಡುಗಿ. “ನಾನು ಮೊದ್ಲು ಬಸ್ ಸ್ಟ್ಯಾಂಡ್ ಎದುರಿನ ನಮ್ಮ ಹೋಟ್ಲಲ್ಲಿದ್ದೆ. ನಿಮ್ಮ ಹತ್ತನೇ ರಾತ್ರಿಗೆ ಕೀ ಕೊಟ್ಟೋಳು ನಾನೇ!”

ಅವನು ಕೌಂಟರಿನ ಮೇಲೆ ಕೈ ಚಾಚಿದ. “ಬೇಗ ಕೀ ಕೊಡಮ್ಮ, ಸುಸ್ತಾಗಿದೆ.”

ಹುಡುಗಿ ಅಷ್ಟಕ್ಕೆ ಬಿಡುವವಳಲ್ಲ. ಬಂದವರ ಜೊತೆ ನಗುನಗುತ್ತ ಮಾತಾಡಬೇಕೆಂದು ಕಲಿಸಿಕೊಟ್ಟಿದ್ದರು, ಪಾಪ. “ಮೇಡಂ, ತಮಾಷೆ ಕೇಳಿ. ಎರಡು ತಿಂಗಳ ಹಿಂದೆ ಅವತ್ತು ಸಂಜೆ ಸರ್ ಕೋಣೆ ಖಾಲಿ ಮಾಡಿ, ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೊರಟೇಬಿಟ್ಟಿದ್ರು. ಎದುರಿಗೆ ಕೊನೇ ಬಸ್ಸು ಹಾರ್ನ್ ಹೊಡೀತಾ ನಿಂತಿದೆ. ‘ಸರ್, ಇನ್ನೊಂದೇ ರಾತ್ರಿ ಬಾಕಿ, ಈ ವರ್ಷದ ಲೆಕ್ಕ ಇವತ್ತಿಗೇ ಮುಗಿಯುತ್ತೆ, ಬಿಟ್ರೆ ಮತ್ತೆ ಸೊನ್ನೆಯಿಂದ ಶುರು’ ಅಂದೆ. ಬಾಗಿಲ ತನಕ ಹೋಗಿದ್ದೋರು ಹಾಗೇ ತಿರುಗಿ ಬಂದ್ರು! ಬಸ್ಸು ಹೋಯ್ತು, ಸರ್ ಉಳಿದ್ರು.”

ಹೆಂಡತಿ ಚಿತ್ರದಿಂದ ಕಣ್ಣು ಕಿತ್ತು ಇತ್ತ ತಿರುಗಿದಳು. ಹುಡುಗಿಯನ್ನು ಕೇಳಿದಳು: “ಇಲ್ಲಿಂದ ವಾಪಸ್ ಹೋಗೋಕೆ ಕೊನೇ ಬಸ್ಸು ಎಷ್ಟು ಹೊತ್ತಿಗಮ್ಮ?”

“ಏಳಕ್ಕೆ ಮೇಡಂ, ಗೇಟ್ ಮುಂದೇನೇ ನಿಲ್ಲುತ್ತೆ. ಯಾಕೆ?”

“ಸುಮ್ನೆ ಕೇಳ್ದೆ.”

ಲಿಫ್ಟಿನಲ್ಲಿ ಅವನು ತೊದಲಿದ. “ಮಕ್ಕಳಿಗೆ ಜ್ವರ ಬರ್ತಾನೇ ಇರುತ್ತೆ ಅಂದ್ಕೊಂಡೆ ಕಣೇ. ಅವಳಿಗೆ ಸಮುದ್ರ ತೋರಿಸ್ಬೇಕು ಅಂತ... ಅವಳಿಗೋಸ್ಕರಾನೇ...” ಅದು ಸುಳ್ಳಲ್ಲ. ಅದೇ ರಾತ್ರಿ ಆ ಸೊಳ್ಳೆ ಕೋಣೆಯಲ್ಲಿ ಮಲಗಿಕೊಂಡು, ಫೋನಿನಲ್ಲೇ ಈ ಕೋಣೆಯನ್ನು ಮೂವರಿಗೆಂದು ಕಾದಿರಿಸಿದ್ದ. ಹೆಂಡತಿ ಮಹಡಿಯ ಅಂಕಿ ಬದಲಾಗುವುದನ್ನೇ ನೋಡುತ್ತಿದ್ದಳು.

ಬಾಗಿಲು ತೆರೆದರೆ ದೊಡ್ಡ ಮಂಚದ ಪಕ್ಕದಲ್ಲಿ ಕಂಬಿ ಹಾಕಿದ ಒಂದು ಪುಟ್ಟ ಮಂಚ. ಅದರ ದಿಂಬಿನ ಮೇಲೆ, ಅಂಗಡಿಯಲ್ಲಿ ಜೋಡಿಸಿಟ್ಟ ಹಾಗೆ, ಬಣ್ಣದ ಕಾಗದ ಸುತ್ತಿದ ಪುಟ್ಟ ಪುಟ್ಟ ಸೋಪುಗಳು. ಮಗುವಿಗೆ ಬೇರೆ ಮಂಚ ಹಾಕಿ, ಸೋಪು ಜಾಸ್ತಿ ಇಡಿ, ನನ್ನ ಮಗಳಿಗೆ ಇಷ್ಟ ಎಂದು ಕಾದಿರಿಸುವಾಗ ಕೇಳಿಕೊಂಡಿದ್ದವನು ಅವನೇ. ಆಮೇಲೆ ಅದನ್ನು ಬೇಡವೆನ್ನಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ಯಾವ ಅಪ್ಪನಿಗೆ ಹೊಳೆದೀತು?

ಅವಳು ನೆಲದ ಮೇಲೆ ಕುಸಿದು ಕೂತು, ಒಂದೊಂದೇ ಸೋಪು ಎತ್ತಿ ಮೂಸಿ ತನ್ನ ಚೀಲಕ್ಕೆ ಹಾಕಿಕೊಂಡಳು. ದಿಂಬು ಖಾಲಿಯಾದ ಮೇಲೆ ಎದ್ದು ಚಪ್ಪಲಿ ಮೆಟ್ಟಿದಳು.

“ಎಲ್ಲಿಗೆ?” ಎಂದ ಅವನು. “ತಡಿ, ನಾನೂ ಬರ್ತೀನಿ.”

“ಬೇಡ.” ಅವಳು ಬಾಗಿಲಲ್ಲಿ ನಿಂತು ತಿರುಗಿ ನೋಡಿದಳು. “ಸೋಪು ಅವಳದು, ತಗೊಂಡೆ. ರಾತ್ರಿ ನಿಮ್ಮದು. ಮಲಗಿ.”